ತಮ್ಮನ ಮದುವೆ ಇಬಾದಾನ್‌ನಲ್ಲಿ, ಯೊರುಬಾ ಉಡುಗೆ ಹೇಗೆ ಆರಿಸುವುದು? ಗೊತ್ತಿದ್ದವರು ಹೇಳಿ

ಸಾಗರದವಳು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಲಂಡನ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲೇ ಪರಿಚಯವಾದ ಹುಡುಗಿಯನ್ನು ಮದುವೆ ಆಗುತ್ತಿದ್ದಾನೆ. ಹುಡುಗಿ ನೈಜೀರಿಯಾದವಳು, ಯೊರುಬಾ ಜನ, ತವರು ಇಬಾದಾನ್. ಅವರ ಕಡೆಯ ಮದುವೆ ಜನವರಿಯಲ್ಲಿ ಅಲ್ಲಿ, ನಮ್ಮ ಧಾರೆ ಮಾರ್ಚ್‌ನಲ್ಲಿ ಇಲ್ಲಿ. ಇಬಾದಾನ್‌ಗೆ ನಾವು ಹನ್ನೊಂದು ಜನ ಹೊರಟಿದ್ದೇವೆ.

ಮೊನ್ನೆ ಹುಡುಗಿಯ ಅಮ್ಮ ವಾಟ್ಸಾಪ್‌ನಲ್ಲಿ ಮೂರು ಬಟ್ಟೆಗಳ ಫೋಟೋ ಕಳಿಸಿದರು. ಜೊತೆಗೆ ಒಂದೇ ಸಾಲು. ಗಂಡಿನ ಕಡೆಗೆ ವೈನ್ ಬಣ್ಣ ಮತ್ತು ಬಂಗಾರ, ಎಷ್ಟು ಜನಕ್ಕೆ ಬೇಕು ತಿಳಿಸಿ ಅಂತ. ಅವತ್ತಿನಿಂದ ನಮ್ಮ ಮನೆಯಲ್ಲಿ ನೆಮ್ಮದಿಯಾಗಿ ಊಟ ಆಗಿಲ್ಲ. ಅಪ್ಪ ಪಂಚೆ ಶಲ್ಯ ಬಿಟ್ಟು ಬೇರೆ ಏನೂ ಉಡುವುದಿಲ್ಲ ಎಂದು ಕೂತಿದ್ದಾರೆ. ಅಮ್ಮನಿಗೆ ಆಸೆ ಇದೆ, ಆದರೆ ಆ ತಲೆಯ ಮೇಲಿನ ಬಟ್ಟೆ ನೋಡಿ ಹೆದರಿಕೆ. ದೊಡ್ಡಮ್ಮನಿಗೆ ವೈನ್ ಅಂದರೆ ಕುಂಕುಮದ ಬಣ್ಣವೋ ನೇರಳೆ ಹಣ್ಣಿನ ಬಣ್ಣವೋ ಅನ್ನುವುದೇ ದೊಡ್ಡ ಪ್ರಶ್ನೆ.

ಹನ್ನೊಂದು ಜನವೂ ಅವರ ಉಡುಗೆಯನ್ನೇ ಹಾಕಬೇಕಾ? ಸೀರೆ ಉಟ್ಟರೆ ಬೇಜಾರು ಮಾಡಿಕೊಳ್ಳುತ್ತಾರಾ? ತಮ್ಮನಿಗೆ ಯಾವ ಬಟ್ಟೆ ಒಳ್ಳೆಯದು? ಅವನನ್ನು ಕೇಳಿದರೆ "ಅವಳೇ ನೋಡಿಕೊಳ್ಳುತ್ತಾಳೆ" ಅನ್ನುತ್ತಾನೆ, ಅವಳನ್ನು ಕೇಳಿದರೆ "ನಿಮಗೆ ಹೇಗೆ ಇಷ್ಟವೋ ಹಾಗೆ ಅಕ್ಕಾ" ಅನ್ನುತ್ತಾಳೆ. ಇಬ್ಬರಿಂದಲೂ ಉಪಯೋಗ ಇಲ್ಲ.

ಇಲುಪೇಜು_ಕನ್ನಡಿಗ

ಮೊದಲು ಅಭಿನಂದನೆ ಅಕ್ಕಾ. ನಾನು ಲಾಗೋಸ್‌ನಲ್ಲಿ 12 ವರ್ಷದಿಂದ ಇದ್ದೇನೆ, ಇಂಥ ಮದುವೆಗೆ ಎಷ್ಟು ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಗೊತ್ತಿರುವಷ್ಟು ಹೇಳುತ್ತೇನೆ.

ಆ ಫೋಟೋ ಬಂತಲ್ಲ, ಅದಕ್ಕೆ ಅಶೋ ಎಬಿ ಅನ್ನುತ್ತಾರೆ. ಅಶೋ ಅಂದರೆ ಬಟ್ಟೆ, ಎಬಿ ಅಂದರೆ ಬಂಧು ಬಳಗ. ಇಂಗ್ಲಿಷ್‌ನಲ್ಲಿ ಬರೆದಾಗ "ಅಸೋ" ಅಂತ ಓದಿಬಿಡುತ್ತೇವೆ, ಯೊರುಬಾದಲ್ಲಿ ಎಸ್ ಕೆಳಗೆ ಚುಕ್ಕೆ ಇದ್ದರೆ ಅದು ಶ. ಹೆಣ್ಣಿನ ಕಡೆಗೆ ಒಂದು ಬಣ್ಣ, ಗಂಡಿನ ಕಡೆಗೆ ಒಂದು, ಎಷ್ಟೋ ಸಲ ಗೆಳತಿಯರಿಗೆ ಇನ್ನೊಂದು. ಹಾಲ್ ಒಳಗೆ ಕಾಲಿಟ್ಟ ತಕ್ಷಣ ಯಾರು ಯಾರ ಕಡೆಯವರು ಅಂತ ದೂರದಿಂದಲೇ ಗೊತ್ತಾಗುತ್ತದೆ. ಈ ಬಟ್ಟೆಯನ್ನು ಸಾಮಾನ್ಯವಾಗಿ ಬಂದವರೇ ದುಡ್ಡು ಕೊಟ್ಟು ಕೊಳ್ಳಬೇಕು, ನಮ್ಮಲ್ಲಿ ಹಾಗೆ ಕೇಳಿದರೆ ಮರ್ಯಾದೆ ಹೋಯಿತು ಅನ್ನುತ್ತೇವೆ, ಅಲ್ಲಿ ಕೇಳದೇ ಇದ್ದರೆ ಬೇಜಾರು, "ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ" ಅಂತ. ಹಾಗಾಗಿ ಅವರು ಎಷ್ಟು ಜನಕ್ಕೆ ಬೇಕು ಎಂದು ಕೇಳಿದ್ದು ನಿಮ್ಮನ್ನು ಮನೆಯವರು ಅಂತ ಎಣಿಸಿದ್ದಕ್ಕೆ. ಮೊದಲು ಸಂಖ್ಯೆ ಹೇಳಿಬಿಡಿ. ಬಟ್ಟೆ ಹೇಗೆ ಹೊಲಿಸುವುದು ಅನ್ನುವುದು ಆಮೇಲಿನ ಮಾತು.

ಒಂದು ಮುಖ್ಯ ವಿಷಯ. ನಿಮ್ಮ ಅಮ್ಮ ಎಲ್ಲರ ಹಾಗೆ ಅಶೋ ಎಬಿ ಹಾಕಬಾರದು! ಅವರು ವರನ ತಾಯಿ. ಎರಡೂ ಕಡೆಯ ತಾಯಂದಿರ ಬಟ್ಟೆ ಬೇರೆ ಇರುತ್ತದೆ, ಗುಂಪಿನಿಂದ ಎದ್ದು ಕಾಣಬೇಕು. ಅದನ್ನು ಬೀಗತಿಯ ಹತ್ತಿರವೇ ನೇರವಾಗಿ ಕೇಳಿ, ಅವರು ಏನು ಹಾಕುತ್ತಾರೆ ಅಂತ. ಖುಷಿಯಿಂದ ಹೇಳುತ್ತಾರೆ.

ಸಾಗರದವಳು

ಅಯ್ಯೋ ಇದು ಗೊತ್ತೇ ಇರಲಿಲ್ಲ. ಅಮ್ಮನಿಗೆ ಹೇಳಿದೆ, ಮುಖ ಅರಳಿತು. ಇನ್ನು ಹೆಸರುಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೀರಾ? ಬೀಗತಿಯವರ ಮೆಸೇಜಿನಲ್ಲಿ ಇರೊ, ಬುಬಾ ಅಂತೆಲ್ಲಾ ಇದೆ. ಅಮ್ಮ "ಇರೋ ಅಂತ ಯಾರಿಗೆ ಹೇಳುತ್ತಿದ್ದಾರೆ" ಅಂತ ಕೇಳಿದರು.

ಹೂಸ್ಟನ್_ಕನ್ನಡತಿ

ಹಹಹ, ನಮ್ಮ ಅತ್ತೆ ಮೊದಲ ಸಲ ಹೇಳಿದಾಗ ನನಗೂ ಹಾಗೇ ಕೇಳಿಸಿತು. ನನ್ನ ಗಂಡ ಯೊರುಬಾ, ಅಬೆಯೊಕುಟಾ ಕಡೆಯವರು. ಮದುವೆ ಆಗಿ 9 ವರ್ಷ ಆಯಿತು, ನಾನು ಮಾಡಿದ ತಪ್ಪು ನೀವು ಮಾಡಬೇಡಿ ಅಂತ ಬರೆಯುತ್ತಿದ್ದೇನೆ.

ಹೆಂಗಸರಿಗೆ ನಾಲ್ಕು ತುಂಡು. ಇರೊ ಅಂದರೆ ಸೊಂಟಕ್ಕೆ ಸುತ್ತಿಕೊಳ್ಳುವ ಬಟ್ಟೆ, ಕಾಲಿನವರೆಗೆ. ಬುಬಾ ಅಂದರೆ ಸಡಿಲವಾದ ರವಿಕೆ, ಆದರೆ ನಮ್ಮ ರವಿಕೆಯ ಹಾಗೆ ಮೈಗೆ ಅಂಟಿದ್ದಲ್ಲ, ಅಗಲ ಕುತ್ತಿಗೆ, ಉದ್ದ ತೋಳು, ಸೊಂಟದಿಂದ ಕೆಳಗೆ ಇಳಿಯುತ್ತದೆ. ಗೆಲೆ ಅಂದರೆ ನಿಮ್ಮ ಅಮ್ಮ ಹೆದರುತ್ತಿರುವ ತಲೆಬಟ್ಟೆ. ಇಪೆಲೆ ಅಂದರೆ ಹೆಗಲ ಮೇಲೆ ಹಾಕುವ ಉದ್ದ ಪಟ್ಟಿ, ಹೆಚ್ಚುಕಮ್ಮಿ ನಿಮ್ಮ ಅಪ್ಪನ ಶಲ್ಯದ ಅಕ್ಕ ಅಂದುಕೊಳ್ಳಿ.

ಗಂಡಸರಿಗೆ ಶೋಕೋಟೊ ಅಂದರೆ ಪ್ಯಾಂಟು, ಅದರ ಮೇಲೆ ಬುಬಾ, ಅದರ ಮೇಲೆ ಅಗ್ಬಾಡಾ ಅನ್ನುವ ದೊಡ್ಡ ನಿಲುವಂಗಿ, ತಲೆಗೆ ಫಿಲಾ ಟೋಪಿ. ಅಗ್ಬಾಡಾ ಎಲ್ಲರೂ ಹಾಕಲೇಬೇಕು ಅಂತ ಇಲ್ಲ. ಬುಬಾ ಶೋಕೋಟೊ ಫಿಲಾ ಇದ್ದರೆ ನೆಂಟರಿಗೆ ಸಾಕು. ವರನಿಗೆ ಮಾತ್ರ ಅಗ್ಬಾಡಾ ಬೇಕೇ ಬೇಕು.

ಈಗ ಬಟ್ಟೆಯ ವಿಷಯ, ಇಲ್ಲೇ ನಾನು ಎಡವಿದ್ದು. ವಧೂವರರು ಸಾಮಾನ್ಯವಾಗಿ ಉಡುವುದು ಅಶೋ ಓಕೆ, ಕೈಮಗ್ಗದ ಬಟ್ಟೆ. ಅದರಲ್ಲಿ ಹಳೆಯ ಮೂರು ಬಗೆ ಇವೆ. ಸಾನ್ಯಾನ್ ಅಂದರೆ ಕಾಡು ರೇಷ್ಮೆ ಹುಳದ ನೂಲಿನದು, ತಿಳಿ ಕಂದು, ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ. ಅಲಾರಿ ಅಂದರೆ ಕಡುಗೆಂಪು, ಹಿಂದಿನ ಕಾಲದಲ್ಲಿ ಅದರ ರೇಷ್ಮೆ ಸಹಾರಾ ಮರಳುಗಾಡು ದಾಟಿ ಬರುತ್ತಿತ್ತು. ಎಟು ಅಂದರೆ ಕಪ್ಪು ಅನ್ನಿಸುವಷ್ಟು ಗಾಢ ನೀಲಿ, ಅದರಲ್ಲಿ ತೆಳ್ಳನೆ ಬಿಳಿ ಗೆರೆ. ಎಟು ಅಂದರೆ ಅವರ ಭಾಷೆಯಲ್ಲಿ ಗಿನಿ ಕೋಳಿ, ಆ ಹಕ್ಕಿಯ ಮೈ ನೋಡಿದರೆ ಹೆಸರು ಯಾಕೆ ಬಂತು ಅಂತ ಗೊತ್ತಾಗುತ್ತದೆ. ಇವತ್ತು ಈ ಮೂರೇ ಅಲ್ಲ, ಕೇಳಿದ ಬಣ್ಣದಲ್ಲಿ ನೇಯ್ದು ಕೊಡುತ್ತಾರೆ, ಹತ್ತಿ ಮತ್ತು ಕೃತಕ ನೂಲಿನಲ್ಲಿ, ಮಿನುಗುವ ಜರಿ ಸೇರಿಸಿ.

ನಾನು ಆ ಮಿನುಗುವುದನ್ನೇ ಆರಿಸಿದೆ. ಜರಿ ಅಂದರೆ ನಮಗೆ ಪ್ರಾಣ ಅಲ್ವಾ. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲಾ ಚುಚ್ಚಿ ಕೆಂಪಾಗಿತ್ತು, ಭಾರ ಬೇರೆ, ಫೋಟೋದಲ್ಲಿ ಫ್ಲ್ಯಾಶ್ ಬಿದ್ದು ಬಟ್ಟೆಯ ವಿನ್ಯಾಸವೇ ಕಾಣದೆ ಹೋಯಿತು. ಅತ್ತೆ ಸಾನ್ಯಾನ್ ತಗೋ ಅಂತ ಮೊದಲೇ ಹೇಳಿದ್ದರು, ನಾನು ಗೋಣಿಚೀಲದ ಬಣ್ಣ ಎಂದು ಬೇಡ ಅಂದಿದ್ದೆ. ಅವರಲ್ಲಿ ಸಾನ್ಯಾನ್ ಅನ್ನು ಬಟ್ಟೆಗಳ ಅಪ್ಪ ಅನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು. ನಿಮ್ಮ ತಮ್ಮನಿಗೆ ಒಂದು ಮಾತು ಹೇಳಿ ನೋಡಿ, ಸಾನ್ಯಾನ್ ಬಣ್ಣದ ಅಗ್ಬಾಡಾ, ಮೇಲೆ ವೈನ್ ಬಣ್ಣದ ಫಿಲಾ.

ಇಳಕಲ್_ಮಗ್ಗ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ನೇಕಾರರ ಮನೆ. ಅಶೋ ಓಕೆ ಕೈಮಗ್ಗ ಅಂದಿರಿ, ಪನ್ನ ಎಷ್ಟು? ಯಾರು ನೇಯುತ್ತಾರೆ? ಫೋಟೋದಲ್ಲಿ ನೋಡಿದರೆ ಉದ್ದುದ್ದ ಜೋಡಣೆ ಇದ್ದ ಹಾಗೆ ಕಾಣುತ್ತದೆ.

ಇಲುಪೇಜು_ಕನ್ನಡಿಗ

ಸರಿಯಾಗಿ ಹಿಡಿದಿರಿ ಸರ್. ಬಟ್ಟೆ ಅಗಲವಾಗಿ ಬರುವುದೇ ಇಲ್ಲ, 4 ಇಂಚು ಆಸುಪಾಸಿನ ಪಟ್ಟಿ ಬರುತ್ತದೆ. ಆ ಪಟ್ಟಿಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದು ಅಗಲ ಮಾಡುತ್ತಾರೆ. ನಾನು ಓಯೊ ರಾಜ್ಯದ ಇಸೆಯಿನ್ ಊರಿಗೆ ಹೋಗಿದ್ದೇನೆ, ಅಶೋ ಓಕೆ ಅಂದರೆ ಇಸೆಯಿನ್ ಅಂತ ಹೆಸರು. ದೊಡ್ಡ ಶೆಡ್‌ಗಳಲ್ಲಿ ಸಾಲಾಗಿ ಮಗ್ಗ. ಹಾಸು, ಅಂದರೆ ಉದ್ದದ ಎಳೆ, ಅವರ ಮುಂದೆ ನೆಲದುದ್ದಕ್ಕೂ ಹತ್ತಾರು ಅಡಿ ಚಾಚಿಕೊಂಡಿರುತ್ತದೆ, ಅದರ ತುದಿಯಲ್ಲಿ ಒಂದು ಹಲಗೆಯ ಮೇಲೆ ಕಲ್ಲು. ನೇಯ್ದಷ್ಟೂ ಆ ಕಲ್ಲು ತೆವಳಿಕೊಂಡು ನೇಕಾರನ ಕಡೆ ಬರುತ್ತದೆ. ಈ ಸಣ್ಣ ಮಗ್ಗ ಹಿಂದಿನಿಂದ ಗಂಡಸರ ಕೆಲಸ. ಹೆಂಗಸರದು ನೆಟ್ಟಗೆ ನಿಲ್ಲಿಸಿದ ಬೇರೆ ಮಗ್ಗ, ಅದರಲ್ಲಿ ಅಗಲ ಬಟ್ಟೆ ಬರುತ್ತದೆ. ಈಗೀಗ ಸಣ್ಣ ಮಗ್ಗದಲ್ಲೂ ಹೆಂಗಸರು ಕೂರುತ್ತಾರೆ.

ಇಳಕಲ್_ಮಗ್ಗ

ಕಲ್ಲು ತೆವಳುವುದು! ಭಾರಕ್ಕೆ ಹಾಸು ಬಿಗಿಯಾಗಿ ನಿಲ್ಲುತ್ತದೆ, ಒಳ್ಳೆ ಉಪಾಯ. ನಮ್ಮಲ್ಲೂ ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಸೇರಿಸುತ್ತೇವೆ, ತೋಪು ತೆನಿ ಅನ್ನುವುದು ಅದಕ್ಕೇ. ಆದರೆ ನಮ್ಮದು ಮಗ್ಗದಲ್ಲೇ ಸೇರುತ್ತದೆ, ಅವರದು ಹೊಲಿಗೆಯಲ್ಲಿ. ಅಕ್ಕಾ, ಮದುವೆಗೆ ಹೋದಾಗ ಅಂಚಿನ ಹತ್ತಿರದ ಒಂದು ಫೋಟೋ ತೆಗೆದು ಹಾಕಿ, ಮರೆಯಬೇಡಿ.

ನೇರಮಾತು_77

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಉಲ್ಟಾ ಹೇಳುತ್ತೇನೆ. ಹನ್ನೊಂದು ಜನ ಒಂದು ದಿನಕ್ಕೆ ಹಾಕಿ ಪೆಟ್ಟಿಗೆಗೆ ಸೇರಿಸುವ ಬಟ್ಟೆಗೆ ಯಾಕೆ ದುಡ್ಡು? ಅವರು ನಮ್ಮ ಮದುವೆಗೆ ಬಂದಾಗ ಪಂಚೆ ಉಡುತ್ತಾರಾ? ಮೈಸೂರು ರೇಷ್ಮೆ ಸೀರೆಯಲ್ಲಿ ಹೋದರೆ ಎಲ್ಲರೂ ತಿರುಗಿ ನೋಡುತ್ತಾರೆ. ಬೇರೆಯವರ ಬಟ್ಟೆ ಹಾಕಿಕೊಂಡು ಛದ್ಮವೇಷ ಸ್ಪರ್ಧೆಗೆ ಹೋದ ಹಾಗೆ ಆಗಬಾರದು.

ಹೂಸ್ಟನ್_ಕನ್ನಡತಿ

ನೇರಮಾತು ಅವರೇ, ನಮ್ಮ ಧಾರೆಗೆ ಮಾವ ಪಂಚೆ ಉಟ್ಟರು, ಮೈಸೂರು ಪೇಟವನ್ನೂ ಕಟ್ಟಿಸಿಕೊಂಡರು, ಸಾಯಂಕಾಲದವರೆಗೂ ತೆಗೆಯಲಿಲ್ಲ. ಅವರ ಕೆಲಸ ಅವರು ಮಾಡಿದ್ದರು. "ಎಲ್ಲರೂ ತಿರುಗಿ ನೋಡುತ್ತಾರೆ" ಅಂದಿರಲ್ಲ, ಅದೇ ಅಲ್ಲಿ ತೊಂದರೆ. ಆ ದಿನ ತಿರುಗಿ ನೋಡಬೇಕಾದದ್ದು ವಧುವನ್ನು.

ಖರ್ಚಿನ ಮಾತು ಮಾತ್ರ ಒಪ್ಪುತ್ತೇನೆ. ಅಶೋ ಎಬಿ ದುಬಾರಿ ಅಂತ ಅವರ ಊರಿನವರೇ ಗೊಣಗುತ್ತಾರೆ. ಒಂದೇ ತಿಂಗಳಲ್ಲಿ ನಾಲ್ಕು ಮದುವೆ ಬಂದರೆ ಸಂಬಳ ಅಲ್ಲಿಗೇ ಮುಗಿಯುತ್ತದೆ.

ಇಲುಪೇಜು_ಕನ್ನಡಿಗ

ಹೌದು, 2023ರ ಜೂನ್‌ನಲ್ಲಿ ಇಲ್ಲಿನ ದುಡ್ಡು ನೈರಾದ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟು, ಅದು ಕುಸಿದ ಮೇಲೆ ಹೊರಗಿನಿಂದ ಬರುವ ಲೇಸ್ ಕೈಗೆ ಸಿಗದ ಹಾಗಾಗಿದೆ. ನಮ್ಮ ಆಫೀಸಿನಲ್ಲಿ ಎಷ್ಟೋ ಹುಡುಗಿಯರು ಬರೀ ಗೆಲೆ ಕೊಂಡು, ಮನೆಯಲ್ಲಿರುವ ಹೊಂದುವ ಬಣ್ಣದ ಬಟ್ಟೆಯ ಜೊತೆ ಹಾಕುತ್ತಾರೆ. ಗಂಡಸರು ಬರೀ ಫಿಲಾ. ಯಾರೂ ತಪ್ಪು ತಿಳಿಯುವುದಿಲ್ಲ.

ನೇರಮಾತು ಅವರ ಸೀರೆ ಮಾತನ್ನೂ ಪೂರ್ತಿ ತಳ್ಳಿಹಾಕಬೇಡಿ. ಬೇರೆ ದೇಶದ ಬೀಗರು ತಮ್ಮ ಉಡುಗೆಯಲ್ಲೇ ಬಂದು, ತಲೆಗೆ ಅದೇ ಬಣ್ಣದ ಗೆಲೆ ಕಟ್ಟಿಕೊಂಡರೆ ಜನಕ್ಕೆ ತುಂಬಾ ಖುಷಿ. ನಾನು ಕಣ್ಣಾರೆ ನೋಡಿದ್ದೇನೆ. ವೈನ್ ಬಣ್ಣದ ಸೀರೆ, ಬಂಗಾರದ ಗೆಲೆ. ಆದರೆ ಸೀರೆಯ ಜೊತೆ ಇಪೆಲೆ ಬೇಡ, ಸೆರಗು ಒಂದು ಕಡೆ ಇಪೆಲೆ ಒಂದು ಕಡೆ, ನೋಡಲು ಬಟ್ಟೆ ಒಣಗಲು ಹಾಕಿದ ಹಾಗೆ ಇರುತ್ತದೆ.

ಚೆನ್ನೈ_ವಾಸಿ

ನಾನು ಟೆಕ್ಸ್‌ಟೈಲ್ ರಫ್ತಿನಲ್ಲಿದ್ದೆ. ನಮ್ಮ ಮದ್ರಾಸ್ ಬಟ್ಟೆಯನ್ನು ನೈಜೀರಿಯಾದಲ್ಲಿ "ಜಾರ್ಜ್" ಅಂತ ಮದುವೆಗೆ ಉಡುತ್ತಾರೆ. ಭಾರತದ್ದೇ ಬಟ್ಟೆ, ಅವರದೇ ಸಂಪ್ರದಾಯ. ಇಲ್ಲಿಂದಲೇ ತೆಗೆದುಕೊಂಡು ಹೋಗಿ, ಎರಡೂ ಕಡೆಗೆ ಗೌರವ, ಸುಮ್ನೆ ಅಲ್ಲಿ ಯಾಕೆ ದುಡ್ಡು ಸುರಿಯುವುದು?

ಹೂಸ್ಟನ್_ಕನ್ನಡತಿ

ಸರ್, ಬಟ್ಟೆಯ ಮಾತು ನಿಜ, ಜನ ಮಾತ್ರ ಬೇರೆ. ಜಾರ್ಜ್ ಹೆಚ್ಚಾಗಿ ಇಗ್ಬೊ ಜನರದು ಮತ್ತು ದಕ್ಷಿಣದ ನೈಜರ್ ನದಿ ಮುಖಜ ಭೂಮಿಯ ಜನರದು. ಅಲ್ಲಿನ ಕಲಾಬಾರಿಗಳಿಗೆ ನಮ್ಮ ಚೌಕಳಿ ಬಟ್ಟೆ ಅಂದರೆ ಪ್ರಾಣ, ಇಂಜಿರಿ ಅನ್ನುತ್ತಾರೆ. ಯೊರುಬಾ ಮನೆಯಲ್ಲಿ ಯಾರೂ ಬೈಯುವುದಿಲ್ಲ, ಆದರೆ "ಇದು ಇಗ್ಬೊ ಮದುವೆ ಅಂದುಕೊಂಡರಾ" ಅಂತ ಹಿಂದೆ ಮಾತಾಡಿಕೊಳ್ಳುತ್ತಾರೆ. ಕೊಡವರ ಮದುವೆಗೆ ಯಕ್ಷಗಾನದ ಮುಂಡಾಸು ಕಟ್ಟಿಕೊಂಡು ಹೋಗುವುದಿಲ್ಲ ಅಲ್ವಾ?

ಹಾಗಂತ ಯೊರುಬಾ ಜನ ಉಡುವುದೆಲ್ಲಾ ಅವರ ನೆಲದ್ದೇ ಅಂತ ಅಲ್ಲ. ಬುಬಾಗೆ ಹಾಕುವ ಒಳ್ಳೆ ಲೇಸ್ ಆಸ್ಟ್ರಿಯಾದಿಂದ ಬರುತ್ತದೆ. ಅಲ್ಲಿನ ಲುಸ್ಟೆನೌ ಅನ್ನುವ ಊರಿನ ಕಸೂತಿ ಕಾರ್ಖಾನೆಗಳು 1960ರ ದಶಕದಿಂದ ನೈಜೀರಿಯಾಕ್ಕೆ ಅಂತಲೇ ವಿನ್ಯಾಸ ಮಾಡಿ ಕಳಿಸುತ್ತಿವೆ. ನಮ್ಮ ಅತ್ತೆ ಕಣ್ಣು ಮುಚ್ಚಿ ಬೆರಳಲ್ಲಿ ಸವರಿ ಇದು ಆಸ್ಟ್ರಿಯಾ, ಇದು ಚೀನಾ ಅಂತ ಹೇಳುತ್ತಾರೆ.

ತಿಪಟೂರು_ಟೈಲರ್

ಮೇಡಂ, ಒಂದು ಸಲಹೆ. ಲೇಸನ್ನು ಇಲ್ಲಿಗೆ ತರಿಸಿಕೊಂಡು ಇಲ್ಲೇ ಬುಬಾ ಹೊಲಿಸಬಹುದು. ನಾನು ಚಿತ್ರ ನೋಡಿದೆ, ಅದರಲ್ಲಿ ಕಷ್ಟ ಏನಿಲ್ಲ, ನೇರ ಕಟಿಂಗ್, ಡಾರ್ಟ್ ಇಲ್ಲ. ಇರೊಗೆ ಹೊಲಿಗೆಯೇ ಇಲ್ಲ, ಅಂಚು ಮಡಚಿದರೆ ಆಯಿತು. ಆದರೆ ಅಗ್ಬಾಡಾ ಮುಟ್ಟಲು ನನಗೆ ಧೈರ್ಯ ಬರಲಿಲ್ಲ. ಆ ಕುತ್ತಿಗೆಯ ಕಸೂತಿ, ಎದೆಯ ಮೇಲಿನ ದೊಡ್ಡ ಜೇಬು, ಅದನ್ನು ಬಲ್ಲವರೇ ಮಾಡಬೇಕು. ಇನ್ನು ತೋಳು ಕೈಬೆರಳು ದಾಟಿ ಹೋಗುತ್ತದಲ್ಲ, ಅದು ಅಳತೆ ತಪ್ಪಿದ್ದಾ ಅಥವಾ ಹಾಗೇ ಇರಬೇಕಾ?

ಇಲುಪೇಜು_ಕನ್ನಡಿಗ

ಹಾಗೇ ಇರಬೇಕು. ಆ ಎರಡೂ ಕಡೆಯ ಬಟ್ಟೆಯನ್ನು ಮಡಚಿ ಹೆಗಲ ಮೇಲೆ ಎಸೆದುಕೊಳ್ಳುತ್ತಾರೆ, ಐದು ನಿಮಿಷಕ್ಕೆ ಜಾರುತ್ತದೆ, ಮತ್ತೆ ಎಸೆದುಕೊಳ್ಳುತ್ತಾರೆ. ಅದೇ ಗತ್ತು. ಹೊಸಬರು ಬಟ್ಟೆಯನ್ನು ಹಿಡಿದುಕೊಂಡೇ ನಿಲ್ಲುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತಾರೆ. ಅಕ್ಕಾ, ನಿಮ್ಮ ತಮ್ಮ ಲಂಡನ್ ಮನೆಯಲ್ಲಿ ಬೆಡ್‌ಶೀಟ್ ಹಾಕಿಕೊಂಡಾದರೂ ಒಂದು ವಾರ ಅಭ್ಯಾಸ ಮಾಡಲಿ.

ಇನ್ನೊಂದು. ಮದುವೆಯಲ್ಲಿ ಇಡೋಬಾಲೆ ಇರುತ್ತದೆ. ವರ ಮತ್ತು ಅವನ ಗೆಳೆಯರು ಹೆಣ್ಣಿನ ಮನೆಯವರ ಮುಂದೆ ನೆಲಕ್ಕೆ ಎದೆ ತಾಗುವ ಹಾಗೆ ಅಡ್ಡಬೀಳಬೇಕು, ನಮ್ಮ ಸಾಷ್ಟಾಂಗವೇ. ಒಂದು ಸಲ ಅಲ್ಲ, ನಡೆಸಿಕೊಡುವ ಹೆಂಗಸಿಗೆ ತೃಪ್ತಿ ಆಗುವವರೆಗೂ. ಎರಡು ಕಡೆಗೂ ಒಬ್ಬೊಬ್ಬರು ಇರುತ್ತಾರೆ, ಹೆಣ್ಣಿನ ಕಡೆಯವರು ಅಲಾಗಾ ಇಜೋಕೊ, ಗಂಡಿನ ಕಡೆಯವರು ಅಲಾಗಾ ಇಡುರೊ. ಅವರ ಬಾಯಿಗೆ ಸಿಕ್ಕರೆ ಕಥೆ ಮುಗಿಯಿತು, ಹಾಡಿ, ಕಾಡಿಸಿ, ದುಡ್ಡು ಕಿತ್ತು ಬಿಡುತ್ತಾರೆ. ಹಾಗಾಗಿ ಶೋಕೋಟೊ ಬಿಗಿ ಹೊಲಿಸಬೇಡಿ. ಬಗ್ಗಿದಾಗ ಹಿಂದೆ ಹರಿದದ್ದನ್ನು ನಾನು ನೋಡಿದ್ದೇನೆ, ಪುಣ್ಯಕ್ಕೆ ಅಗ್ಬಾಡಾ ಮಾನ ಉಳಿಸಿತು.

ಶೋಕೋಟೊ ಅಂದ ಮೇಲೆ ನೆನಪಾಯಿತು. ಉತ್ತರದಲ್ಲಿ ಸೊಕೊಟೊ ಅಂತ ಒಂದು ದೂರದ ಊರಿದೆ. ಯೊರುಬಾದಲ್ಲಿ ಗಾದೆ, ಸೊಕೊಟೊಗೆ ಹುಡುಕಿಕೊಂಡು ಹೋದದ್ದು ಶೋಕೋಟೊ ಜೇಬಿನಲ್ಲೇ ಇತ್ತು ಅಂತ. ನಾವು ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದರು ಅನ್ನುತ್ತೇವಲ್ಲ, ಅದೇ.

ಸಾಗರದವಳು

ಗಾದೆ ಅಪ್ಪನಿಗೆ ಓದಿ ಹೇಳಿದೆ. ನಕ್ಕರು. ಮೊದಲ ಸಲ ನಕ್ಕದ್ದು. "ಜೇಬಿರುವ ಪ್ಯಾಂಟು ಆದರೆ ನೋಡೋಣ" ಅಂದಿದ್ದಾರೆ.

ಈಗ ಗೆಲೆ. ಅಮ್ಮನಿಗೆ 64, ಕುತ್ತಿಗೆ ನೋವು ಬೇರೆ. ಜಡೆ ಉದ್ದ ಇದೆ, ಮಲ್ಲಿಗೆ ಮುಡಿಯದೆ ಮದುವೆಗೆ ಹೋಗಲ್ಲ ಅನ್ನುತ್ತಾರೆ.

ಹೂಸ್ಟನ್_ಕನ್ನಡತಿ

ಗೆಲೆ ಎರಡು ಥರ. ಒಂದು ತಲೆಯ ಮೇಲೇ ಮಡಿಕೆ ಹಿಡಿದು ಕಟ್ಟುವುದು. ಅದಕ್ಕೆ ಅಂತಲೇ ಜನ ಇದ್ದಾರೆ, ಬೆಳಗ್ಗೆ ಮನೆಗೇ ಬರುತ್ತಾರೆ, ಬೀಗತಿಗೆ ಹೇಳಿದರೆ ಗೊತ್ತು ಮಾಡುತ್ತಾರೆ. ಇನ್ನೊಂದು ಆಟೊ ಗೆಲೆ, ಮೊದಲೇ ಮಡಚಿ ಹೊಲಿದದ್ದು, ಟೋಪಿಯ ಹಾಗೆ ಹಾಕಿಕೊಂಡು ಹಿಂದೆ ಬಿಗಿ ಮಾಡಿದರೆ ಆಯಿತು. ಅಮ್ಮನಿಗೆ ಆಟೊ ಸುಲಭ ನಿಜ, ಆದರೆ ವರನ ತಾಯಿಗೆ ಕಟ್ಟಿಸಿದರೇ ಚೆಂದ, ಇದು ನನ್ನ ಅಭಿಪ್ರಾಯ. ಅಶೋ ಓಕೆಯ ದಪ್ಪ ಗೆಲೆ ಭಾರ. ಕುತ್ತಿಗೆ ನೋವಿದ್ದರೆ ತೆಳು, ಗರಿಗರಿ ಬಟ್ಟೆಯ ಗೆಲೆ ಕೇಳಿ, ಸೆಗೊ ಅನ್ನುತ್ತಾರೆ, ಕಾಗದದ ಹಾಗೆ ನಿಲ್ಲುತ್ತದೆ.

ಜಡೆಯನ್ನು ಕುತ್ತಿಗೆಯ ಹತ್ತಿರ ಕೆಳಗೆ ತುರುಬು ಕಟ್ಟಿ. ನಡುನೆತ್ತಿಯಲ್ಲಿ ತುರುಬಿದ್ದರೆ ಗೆಲೆ ಕೂರುವುದೇ ಇಲ್ಲ. ಮಲ್ಲಿಗೆಯನ್ನು ಆ ಕೆಳಗಿನ ತುರುಬಿಗೆ ಸುತ್ತಬಹುದು, ಆದರೆ ಇಬಾದಾನ್‌ನಲ್ಲಿ ಮೊಳ ಮಲ್ಲಿಗೆ ಎಲ್ಲಿ ತರುತ್ತೀರೋ ನನಗೆ ಗೊತ್ತಿಲ್ಲ! ಜುಮುಕಿ ಬೇಡ, ಗೆಲೆ ಕಿವಿಯ ಮೇಲೆ ಬರುತ್ತದೆ, ಜುಮುಕಿ ಒತ್ತಿ ರಾತ್ರಿ ಕಿವಿ ಊದುತ್ತದೆ. ಅಂದಹಾಗೆ ಗೆಲೆ ಕಟ್ಟಿದ ಮೇಲೆ ಅರ್ಧ ಮಾತು ಕೇಳಿಸುವುದಿಲ್ಲ, ನಗುತ್ತಾ ತಲೆ ಆಡಿಸುತ್ತಿರಿ.

ಕುತ್ತಿಗೆಗೆ ಅವರು ಹಾಕುವುದು ಇಯುನ್, ಅಂದರೆ ಹವಳ. ವಧೂವರರಿಗೆ ದಪ್ಪ ದಪ್ಪ ಹವಳದ ಸರ, ಕೈಗೂ ಹವಳ. ಅಸಲಿ ತುಂಬಾ ದುಬಾರಿ, ಬಾಡಿಗೆಗೂ ಸಿಗುತ್ತದೆ, ನಕಲಿಯೂ ಇದೆ.

ಸಾಗರದವಳು

ಹವಳವಾ!! ನಮ್ಮ ಅಜ್ಜಿಯ ಹವಳದ ಸರ ಅಮ್ಮನ ಪೆಟ್ಟಿಗೆಯಲ್ಲಿದೆ. ಮಧ್ಯೆ ಮಧ್ಯೆ ಚಿನ್ನದ ಗುಂಡು. ಅದನ್ನು ಹಾಕಿಕೊಳ್ಳಬಹುದಾ?

ಹೂಸ್ಟನ್_ಕನ್ನಡತಿ

ಹಾಕಿಕೊಳ್ಳದೇ ಇದ್ದರೆ ನಾನೇ ಬಂದು ಜಗಳ ಆಡುತ್ತೇನೆ. ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದಿಂದ ಭಾರತಕ್ಕೂ ಹೋಗುತ್ತಿತ್ತು, ಪಶ್ಚಿಮ ಆಫ್ರಿಕಾಕ್ಕೂ ಹೋಗುತ್ತಿತ್ತು. ಬೀಗತಿಗೆ ಸರ ತೋರಿಸಿದರೆ ಸಾಕು, ಮತ್ತೆ ಮಾತೇ ಬೇಡ.

ಕುತೂಹಲಿ_ಪುತ್ತೂರು

ಆಡಿರೆ ಅಂತ ನೀಲಿ ಬಟ್ಟೆ ಚಿತ್ರ ನೋಡಿದ್ದೆ, ತುಂಬಾ ಇಷ್ಟ ಆಯಿತು. ಅದು ಮದುವೆಗೆ ಆಗಲ್ವಾ?

ಹೂಸ್ಟನ್_ಕನ್ನಡತಿ

ಆಡಿರೆ ನಮ್ಮ ಗಂಡನ ಊರಿನದು, ಹಾಗಾಗಿ ಅಭಿಮಾನ ಜಾಸ್ತಿ. ಮರಗೆಣಸಿನ ಹಿಟ್ಟಿನ ಗಂಜಿಯಿಂದ ಚಿತ್ರ ಬರೆದು ನೀಲಿಯಲ್ಲಿ ಅದ್ದುತ್ತಾರೆ, ಗಂಜಿ ಇದ್ದ ಕಡೆ ಬಣ್ಣ ಹಿಡಿಯುವುದಿಲ್ಲ. ಇನ್ನೊಂದು ಬಗೆ ದಾರದಲ್ಲಿ ಬಿಗಿದು ಅದ್ದುವುದು. ಇಬಾದಾನ್ ಹೆಸರಿನದೇ ಒಂದು ಚಿತ್ತಾರ ಇದೆ, ಇಬಾದಾನ್‌ಡುನ್, ಇಬಾದಾನ್ ಸಿಹಿ ಊರು ಅಂತ ಅರ್ಥ. ಮದುವೆಯ ದಿನಕ್ಕೆ ಅದು ಸರಳ ಆಯಿತು. ಹಿಂದಿನ ದಿನಕ್ಕೆ, ಊರು ಸುತ್ತಲು ಹಾಕಿ. ಸಮಯ ಇದ್ದರೆ ಅಬೆಯೊಕುಟಾದ ಇಟೋಕು ಮಾರುಕಟ್ಟೆಗೆ ಹೋಗಿ, ಬರಿಗೈಯಲ್ಲಿ ಬಂದರೆ ಹೇಳಿ.

ಇಲುಪೇಜು_ಕನ್ನಡಿಗ

ಅಶೋ ಓಕೆಗೆ ಇಬಾದಾನ್‌ನಲ್ಲೇ ಓಜೆ ಮಾರುಕಟ್ಟೆ ಇದೆ, ಲೇಸಿಗೆ ಗ್ಬಾಗಿ. ಲಾಗೋಸ್‌ನ ಬಾಲೊಗುನ್‌ಗೆ ಬರಬೇಕಾಗಿಲ್ಲ. ಆದರೆ ದಯವಿಟ್ಟು ಈಗಲೇ ಹೇಳಿ. ಕೈಮಗ್ಗದ್ದು ವಾರಗಟ್ಟಲೆ ಹಿಡಿಯುತ್ತದೆ. ಡಿಸೆಂಬರ್ ಅಂದರೆ ಅಲ್ಲಿ ಮದುವೆಯ ಕಾಲ, ಹೊರದೇಶದಲ್ಲಿ ಇರುವವರೆಲ್ಲಾ ಆಗಲೇ ಊರಿಗೆ ಬರುವುದು. ಟೈಲರ್‌ಗಳು ಫೋನ್ ಎತ್ತುವುದಿಲ್ಲ. ಅವರು "ಶುಕ್ರವಾರ ಸಿಗುತ್ತದೆ" ಅಂದರೆ ಯಾವ ಶುಕ್ರವಾರ ಅಂತ ಕೇಳಿ. ಹನ್ನೊಂದು ಜನರ ಅಳತೆಯನ್ನು ಸೆಂಟಿಮೀಟರಿನಲ್ಲಿ ಅಲ್ಲ, ಇಂಚಿನಲ್ಲಿ ಬರೆದು ಕಳಿಸಿ.

ಮತ್ತೆ ಅಪ್ಪನಿಗೆ ಒಂದು ಮಾತು. ಕುಣಿಯುವವರ ಹಣೆಗೆ ನೋಟು ಅಂಟಿಸುವ ರೂಢಿ ಇದೆ, ಸ್ಪ್ರೇ ಮಾಡುವುದು ಅನ್ನುತ್ತಾರೆ. ನೋಡಲು ಚೆಂದ, ಆದರೆ 2007ರ ಸೆಂಟ್ರಲ್ ಬ್ಯಾಂಕ್ ಕಾಯ್ದೆ ಪ್ರಕಾರ ಅಪರಾಧ. 2024ರಲ್ಲಿ ಸೋಷಿಯಲ್ ಮೀಡಿಯಾದಲ್ಲಿ ಹೆಸರಾದ ಒಬ್ಬರಿಗೆ ಇದಕ್ಕೇ ಆರು ತಿಂಗಳು ಜೈಲಾಯಿತು. ಕವರಿನಲ್ಲಿ ಹಾಕಿ ಕೊಟ್ಟರೆ ಸಾಕು.

ನೇರಮಾತು_77

ಟೋಪಿ ಯಾವ ಕಡೆ ಬಾಗಿಸಬೇಕು ಅಂತ ಯಾರೂ ಹೇಳಲಿಲ್ಲ. ಮದುವೆ ಆದವರಿಗೆ ಒಂದು ಕಡೆ, ಆಗದವರಿಗೆ ಒಂದು ಕಡೆ ಅಂತ ಎಲ್ಲೋ ಓದಿದೆ. (ಹೌದು, ನಾನೂ ಓದುತ್ತಿದ್ದೇನೆ.)

ಇಲುಪೇಜು_ಕನ್ನಡಿಗ

ಮೂವರು ಹಿರಿಯರನ್ನು ಕೇಳಿದ್ದೆ, ಮೂವರೂ ಬೇರೆ ಬೇರೆ ಹೇಳಿದರು, ನಾಲ್ಕನೆಯವರು "ಯಾವ ಕಡೆ ಚೆಂದ ಕಾಣುತ್ತದೋ ಆ ಕಡೆ" ಅಂದರು. ನಾನು ನಾಲ್ಕನೆಯವರ ಮಾತು ಕೇಳುತ್ತೇನೆ. ವರನಿಗೆ ಈ ಚಿಂತೆಯೇ ಇಲ್ಲ, ಅವತ್ತು ಅವನ ತಲೆಗೆ ಫಿಲಾ ಇಡುವುದು ವಧು.

ಸಾಗರದವಳು

(ಎರಡೂವರೆ ತಿಂಗಳ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಮದುವೆ ಮುಗಿಸಿ ಬಂದೆವು. ಹೇಗಾಯಿತು ಅಂತ ಹೇಳದೇ ಇದ್ದರೆ ಅನ್ಯಾಯ ಆಗುತ್ತದೆ.

ನಾವು ಕೊನೆಗೆ ಮಾಡಿದ್ದು ಹೀಗೆ. ಹುಡುಗರು ಎಲ್ಲರೂ ಬುಬಾ ಶೋಕೋಟೊ, ವೈನ್ ಬಣ್ಣದ ಫಿಲಾ. ನಾನು, ಚಿಕ್ಕಮ್ಮ, ಅತ್ತಿಗೆ ಪೂರ್ತಿ ಇರೊ ಬುಬಾ ಗೆಲೆ. ದೊಡ್ಡಮ್ಮ ವೈನ್ ಬಣ್ಣದ ಇಳಕಲ್ ಸೀರೆ, ಬಂಗಾರದ ಗೆಲೆ. ವೈನ್ ಅಂದರೆ ನೇರಳೆಯೂ ಅಲ್ಲ ಕುಂಕುಮವೂ ಅಲ್ಲ, ಬೀಟ್‌ರೂಟ್ ಪಲ್ಯದ ಬಣ್ಣ, ಇದು ಮುಂದಿನವರಿಗೆ ಉಪಯೋಗ ಆಗಲಿ. ತಮ್ಮ ಸಾನ್ಯಾನ್ ಬಣ್ಣದ ಅಗ್ಬಾಡಾ ಹಾಕಿದ, ಹೂಸ್ಟನ್ ಅಕ್ಕನಿಗೆ ಅವನದೇ ಥ್ಯಾಂಕ್ಸ್.

ಬುಬಾಗಳನ್ನು ಅಲ್ಲೇ ಒಬ್ಬ ಟೈಲರ್ ಹತ್ತಿರ ಹೊಲಿಸಿದೆವು. ಶುಕ್ರವಾರ ಅಂದಿದ್ದರು, ನಿಜವಾಗಿ ಶುಕ್ರವಾರವೇ ಬಂತು, ರಾತ್ರಿ ಹನ್ನೊಂದೂವರೆಗೆ, ಬೆಳಗ್ಗೆ ಮದುವೆ. ಅತ್ತಿಗೆಯದಕ್ಕೆ ಎರಡೂ ಬಲಗೈ ತೋಳು. ತಮಾಷೆ ಅಲ್ಲ, ಎರಡೂ ಬಲಗೈ. ತಿಪಟೂರು ಸರ್, ಆವತ್ತು ನಿಮ್ಮನ್ನು ಎಷ್ಟು ನೆನೆಸಿಕೊಂಡೆ ಗೊತ್ತಾ. ಬೀಗತಿಯ ತಂಗಿ ಮತ್ತು ನಾನು ಎರಡು ಗಂಟೆ ಕೂತು ಬಿಚ್ಚಿ ಹೊಲಿದೆವು. ಭಾಷೆ ಅರ್ಧಂಬರ್ಧ, ಸೂಜಿ ದಾರ ಪೂರ್ತಿ. ಅವರ ಜೊತೆ ಈಗಲೂ ದಿನಾ ಮೆಸೇಜು.

ಅಮ್ಮನ ಗೆಲೆ ಕಟ್ಟಲು ಬೆಳಗ್ಗೆ ಏಳಕ್ಕೆ ಒಬ್ಬ ಹುಡುಗ ಬಂದ. ಹತ್ತೇ ನಿಮಿಷ, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಮಡಿಕೆ ಮೇಲೆ ಮಡಿಕೆ, ಹೂವು ಅರಳಿದ ಹಾಗೆ. ಅಮ್ಮ ಕನ್ನಡಿ ನೋಡಿಕೊಂಡು ಸುಮ್ಮನೆ ನಿಂತುಬಿಟ್ಟರು. ಆಮೇಲೆ ಕಾರಿನೊಳಗೆ ಗೆಲೆ ಹಿಡಿಸಲಿಲ್ಲ, ದಾರಿಯುದ್ದಕ್ಕೂ ದೇವರ ಮನೆಗೆ ನುಗ್ಗುವವರ ಹಾಗೆ ಬಗ್ಗಿಕೊಂಡೇ ಬಂದರು. ಮಲ್ಲಿಗೆ ಸಿಗಲಿಲ್ಲ. ಹವಳದ ಸರವನ್ನು ಬೀಗತಿ ಕೈಯಲ್ಲಿ ಹಿಡಿದು ಮಣಿ ಮಣಿ ಮುಟ್ಟಿ ನೋಡಿದರು, ಅಮ್ಮ ಕನ್ನಡದಲ್ಲಿ "ನಮ್ಮ ಅತ್ತೆಯದು" ಅಂದರು, ಅವರು ಯೊರುಬಾದಲ್ಲಿ ಏನೋ ಅಂದರು. ನಾವು ಯಾರೂ ಅನುವಾದ ಮಾಡಲು ಹೋಗಲಿಲ್ಲ.

ಅಪ್ಪ. ಬೆಳಗ್ಗೆ ಪಂಚೆ ಉಟ್ಟು ರೆಡಿಯಾಗಿ ಕೂತಿದ್ದರು. ಹುಡುಗಿಯ ಅಜ್ಜ, ಎಂಬತ್ತು ದಾಟಿದವರು, ನಮ್ಮ ಕೋಣೆಗೆ ಬಂದು ತಮ್ಮದೇ ಹಳೆಯ ಫಿಲಾ ಒಂದನ್ನು ಅಪ್ಪನ ತಲೆಗೆ ಇಟ್ಟು, ಅತ್ತಿತ್ತ ತಿರುಗಿಸಿ ಸರಿ ಮಾಡಿ ಹೋದರು. ಅಪ್ಪ ಬಾಯಿ ಬಿಡಲಿಲ್ಲ. ಪಂಚೆ, ಬಿಳಿ ಬುಬಾ, ಶಲ್ಯ, ಫಿಲಾ, ಹೀಗೇ ಮಂಟಪಕ್ಕೆ ಬಂದರು, ಹೀಗೇ ಕುಣಿದರು ಕೂಡ. ಮಾತಾಡಿದ ಹಾಗೆ ಕೇಳಿಸುವ ಅವರ ಮದ್ದಳೆ (ಟಾಕಿಂಗ್ ಡ್ರಮ್) ಬಾರಿಸುವವನು ಅಪ್ಪನ ಹಿಂದೆಯೇ ಬಿದ್ದಿದ್ದ, ಕವರಿನ ದುಡ್ಡು ಅರ್ಧ ಅವನಿಗೇ ಹೋಯಿತು. ತಮ್ಮ ಒಂಬತ್ತು ಸಲ ಅಡ್ಡಬಿದ್ದ, ಶೋಕೋಟೊ ಹರಿಯಲಿಲ್ಲ. ನೆಂಟರೆಲ್ಲಾ ಬಂದು ಬಂದು ಎರಡು ಮನೆಯವರಿಗೂ "ಎ ಕು ಇನಾವೊ" ಅನ್ನುತ್ತಿದ್ದರು, ಅರ್ಥ ಕೇಳಿದರೆ ಖರ್ಚು ಮಾಡಿದ್ದಕ್ಕೆ ನಿಮಗೆ ನಮಸ್ಕಾರ ಅಂತ. ಅಪ್ಪನಿಗೆ ಅದು ತುಂಬಾ ಹಿಡಿಸಿದೆ. ಮಾರ್ಚ್‌ನ ಧಾರೆಗೆ ಛತ್ರದ ಬಾಗಿಲಲ್ಲಿ ಬರೆಸುತ್ತೇನೆ ಅನ್ನುತ್ತಿದ್ದಾರೆ.

ನೇರಮಾತು_77

ಧಾರೆಗೆ ಬೀಗರು ಏನು ಉಡುತ್ತಾರೆ?

ಸಾಗರದವಳು

ಹದಿನಾಲ್ಕು ಜನರ ಅಳತೆ ಆಗಲೇ ಬಂದಿದೆ, ಇಂಚಿನಲ್ಲಿ. ಹೆಂಗಸರಿಗೆ ಸೀರೆ, ಗಂಡಸರಿಗೆ ಪಂಚೆ, ಯಾವ ಬಣ್ಣ ಅಂತ ನಾವೇ ಹೇಳಬೇಕಂತೆ. ದೊ‌ಡ್ಡಮ್ಮ ಬೀಟ್‌ರೂಟ್ ಮಾತ್ರ ಬೇಡ ಅಂದಿದ್ದಾರೆ.

ಇಳಕಲ್_ಮಗ್ಗ

ಅಕ್ಕಾ, ಅಂಚಿನ ಫೋಟೋ?

ಸಾಗರದವಳು

ಫೋಟೋ ಮರೆತೆ, ನಿಜ ಹೇಳುತ್ತೇನೆ. ಆದರೆ ತಮ್ಮನ ಅಗ್ಬಾಡಾದಲ್ಲಿ ಒಂದು ಪಟ್ಟಿ ಉಳಿದಿತ್ತು, ಮೊಳದಷ್ಟು ಉದ್ದ, ಅದನ್ನು ಕೇಳಿ ತಂದಿದ್ದೇನೆ. ವಿಳಾಸ ಕೊಡಿ, ಪೋಸ್ಟ್ ಮಾಡುತ್ತೇನೆ.

ಇಳಕಲ್_ಮಗ್ಗ

ಮೆಸೇಜ್ ಮಾಡಿದ್ದೇನೆ. ತುದಿಯ ಎಳೆ ಕತ್ತರಿಸಬೇಡಿ ಅಕ್ಕಾ, ಹಾಗೇ ಕಳಿಸಿ. ಅಪ್ಪ ಹಾಸು ಎಣಿಸಬೇಕಂತೆ.